ಕಲ್ಲೇಶಪ್ಪನ ಸಗಣಿಗೆ ಹುಳಿಸ್ನಾನ

ಕುದಾಪುರದ ವಿಜ್ಞಾನ ಕೇಂದ್ರದಲ್ಲಿ ರಾಕೆಟ್ ಹಾರಿಸುವ ಮುಂಚೆ ವಿಜ್ಞಾನಿಗಳೆಲ್ಲ ನನ್ನ ಜಗಲಿಗೆ ಬಂದು, “ಅಣ್ಣಾ, ಇಂಧನ ಇಷ್ಟು ಸಾಕಾ?” ಎಂದು ಕೇಳಿಕೊಂಡು ಹೋಗುತ್ತಾರೆ. ಅಂಥ ನನಗೆ ನಮ್ಮೂರು ಬಿ.ಜಿ. ಕೆರೆಯ ಕಲ್ಲೇಶಪ್ಪನ ಸಗಣಿ ಯಾವ ಲೆಕ್ಕ!

ಹಾಲು ಹೆಚ್ಚಲಿ ಎಂದು ಕಲ್ಲೇಶಪ್ಪ ಹಸುಗಳಿಗೆ ಖನಿಜ ಪುಡಿಯನ್ನು ಮದುವೆಮನೆ ಸಕ್ಕರೆಯಂತೆ ಬೊಗಸೆ ಬೊಗಸೆ ತಿನ್ನಿಸಿದ್ದ. ಹಾಲು ಹೆಚ್ಚಲಿಲ್ಲ, ಸಗಣಿಯಲ್ಲಿ ತಾಮ್ರ ಹೆಚ್ಚಿತು. ಗೊಬ್ಬರ ಕೊಳ್ಳಲು ಬಂದಿದ್ದ ದಾಳಿಂಬೆ ತೋಟದ ಏಕಾಂತಪ್ಪನವರು ಲ್ಯಾಬಿನ ವರದಿ ನೋಡಿ, “ಇದು ಗೊಬ್ಬರ ಅಲ್ಲಪ್ಪ, ಪಾತ್ರೆ ಅಂಗಡಿ! ಸಂಜೆಯೊಳಗೆ ಒಂದು ಚೀಲದಾಗಾದ್ರೂ ತಾಮ್ರ ಇಳಿಸಿ ತೋರ್ಸು. ಇಲ್ಲಾಂದ್ರೆ ಐದು ಲೋಡೂ ನಂಗೆ ಬ್ಯಾಡ” ಎಂದರು.

ಚಳ್ಳಕೆರೆ ಲ್ಯಾಬಿನ ಗೀತಮ್ಮ ಉಪಾಯವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಕಲ್ಲೇಶಪ್ಪ ಕನ್ನಡಕ ಮರೆತು ಬಂದಿದ್ದ. ಚೀಟಿ ಜೊತೆಗೆ ಹೋಗಿದ್ದ ನನ್ನ ಕೈಗೆ ಬಂತು.

“ಸಗಣೀನ ಹುಳಿ ನೀರಲ್ಲಿ ನೆನೆಸಿ ಬಸೀಬೇಕಂತೆ ಕಣಲೇ. ತಾಮ್ರ ನೀರಿನ ಜೊತೆ ಹೋಗುತ್ತಂತೆ.”

“ಯಾತರಾಗೆ ನೆನೆಸ್ಲಿ?”

“ನಮ್ಮ ಬಚ್ಚಲಾಗೆ ದೊಡ್ಡ ಹಂಡೆ ಐತೆ, ತಗೊಂಡೋಗು.”

ಕಿಲುಬಿಗೆ ಕರ್ರಗಾಗಿದ್ದ ಹಂಡೆಯಲ್ಲಿ ಕಲ್ಲೇಶಪ್ಪ ಮೊಣಕೈವರೆಗೆ ಮುಳುಗಿದ. “ಸಾರಿಗೆ ಹುಣಸೆಹಣ್ಣಿಲ್ಲ, ಸಗಣಿಗೆ ಐತಾ?” ಎಂದು ಅವನ ಹೆಂಡತಿ ಸರ್ವಮಂಗಳ ಒಳಗಿಂದಲೇ ಗುಡುಗಿದಳು.

ಪಕ್ಕದ ಮನೆಯ ಯರ್ರಮ್ಮ ಬಗ್ಗಿ ನೋಡಿದಳು. “ಹುಳಿ ಹಾಕಿ ಉಪ್ಪು ಹಾಕ್ದಿದ್ರೆ ಹೆಂಗಪ್ಪ?”

ಉಪ್ಪು ಬಿತ್ತು, ಎರಡು ಸೇರು.

“ತೆಂಗಿನ ನಾರು ತಗೊಂಡು ಸುತ್ತಾ ತಿಕ್ಕಲೇ,” ಎಂದ ಎದುರುಮನೆಯ ಜಂಪಣ್ಣ, “ಅಂಟಿರೋದೆಲ್ಲ ಬಿಡುತ್ತೆ.”

ಕಲ್ಲೇಶಪ್ಪ ಮಧ್ಯಾಹ್ನದವರೆಗೆ ತಿಕ್ಕಿದ. ಸಗಣಿ ಬಸಿದು ಚೀಲಕ್ಕೆ ತುಂಬಿದ. ಮರ್ಯಾದಸ್ಥ, ಹಂಡೆಯನ್ನು ನಮ್ಮ ಮನೆಗೆ ಮುಟ್ಟಿಸಿಯೇ ನನ್ನನ್ನೂ ಏಕಾಂತಪ್ಪನವರನ್ನೂ ಕರೆದುಕೊಂಡು ಚಳ್ಳಕೆರೆಗೆ ಹೊರಟ.

ಗೀತಮ್ಮ ಪರೀಕ್ಷೆ ಮಾಡಿ ಕಣ್ಣುಜ್ಜಿಕೊಂಡರು. “ತಾಮ್ರ ನಾಲ್ಕು ಪಟ್ಟು ಏರೈತೆ! ಯಾತರಾಗೆ ನೆನೆಸಿದ್ರಿ?”

“ಹಂಡೆಯಾಗ್ರೀ. ಗಟ್ಟಿ ತಾಮ್ರದ್ದು.”

“ಅಯ್ಯೋ! ಹುಳಿ ಹಂಡೆ ತಾಮ್ರಾನೇ ಸಗಣಿಗೆ ಇಳಿಸೈತೆ. ಪ್ಲಾಸ್ಟಿಕ್ ಡ್ರಮ್ಮೇ ಆಗ್ಬೇಕು ಅಂತ ಚೀಟೀಲಿ ಬರ್ದಿದ್ನಲ್ರೀ!”

ಏಕಾಂತಪ್ಪನವರು ಎದ್ದು ಹೋದರು. ಕಲ್ಲೇಶಪ್ಪ ನನ್ನತ್ತ ತಿರುಗಿದ. ಸರಿಯಾಗಿ ಆಗಲೇ ನನ್ನ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಬೆರಳು ಸ್ಪೀಕರ್ ಒತ್ತಿತು.

“ರೀ, ಹಂಡೆ ಬಂಗಾರದಂಗೆ ಹೊಳೀತೈತೆ!” ನನ್ನ ಹೆಂಡತಿ ಮಂಗಳಗೌರಿಯ ದನಿ. “ತಿಂಗಳಿಂದ ಬೆಳಗ್ರಿ ಬೆಳಗ್ರಿ ಅಂತ ಬಡ್ಕೊಂಡೆ. ಕೊನೆಗೂ ಯಾವ ಬಕರಾ ಸಿಕ್ಕ?”

ಇನ್ನು ಮುಚ್ಚಿಟ್ಟು ಫಲವಿಲ್ಲ. ಚೀಟಿಯ ಕೊನೆಯ ಸಾಲನ್ನು ನಾನು ಓದಿದ್ದೆ; ಎರಡು ಸಲ ಓದಿದ್ದೆ. ಇನ್ನು ಆ ವಿಜ್ಞಾನಿಗಳು: ನನ್ನ ಜಗಲಿಗೆ ಬಂದವರು ಒಬ್ಬರೇ, ಚಳ್ಳಕೆರೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಲು. ಅದನ್ನೂ ತಪ್ಪು ಹೇಳಿದ್ದೆ.