ಗಾಜಿನ ಒಲೆಗೆ ಒಂದು ದಿನದ ಯಜಮಾನ

ಎಲ್ಲದಕ್ಕೂ ಕಾರಣ ಒಂದು ಪಾತ್ರೆ ಕುಚ್ಚಲಕ್ಕಿ ಗಂಜಿ. ಅದಕ್ಕೂ ಮೊದಲು, ಕಮಲಾಕ್ಷನ ಬಾಯಿ.

ಅವತ್ತು ಬೆಳಗ್ಗೆ ಅವನ ಹೆಂಡತಿ ಪ್ರಫುಲ್ಲಾ ಪುಂಜಾಲಕಟ್ಟೆಯಿಂದ ಬೆಳ್ತಂಗಡಿಗೆ ಹೊರಟಿದ್ದಳು. ಅಲ್ಲಿ ಬೀಡಿ ಕಟ್ಟುವ ಹೆಂಗಸರ ಸಂಘದ ದೊಡ್ಡ ಸಭೆ. ಹೊರಡುವ ಮೊದಲು ಗಂಡನನ್ನು ಅಡುಗೆಮನೆಗೆ ಕರೆದು, ಮೂರು ಬರ್ನರಿನ ಗಾಜಿನ ಒಲೆಯ ಮುಂದೆ ನಿಲ್ಲಿಸಿದಳು.

"ನೋಡಿ, ಗಂಜಿಗೆ ಅಕ್ಕಿ ತೊಳೆದು ಇಟ್ಟಿದ್ದೇನೆ. ಕುದಿಯುವಾಗ ಇಲ್ಲಿಯೇ ನಿಲ್ಲಬೇಕು. ಉಕ್ಕಿತು ಅಂದರೆ ಗಂಜಿಯ ತೆಳಿನೀರು ಗಾಜಿಗೆ ಹಿಡಿದು ಕರಟಿ ಹೋಗ್ತದೆ. ಬಿಸಿ ಇರುವಾಗ ತಣ್ಣೀರು ಮುಟ್ಟಿಸಬೇಡಿ, ಗಾಜು ಒಡೀತದೆ. ತಣಿದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಅಷ್ಟೇ."

ಕಮಲಾಕ್ಷ ನಕ್ಕ. ಇಪ್ಪತ್ತೇಳು ವರ್ಷ ಮುಂಬೈಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಂದವನು ಅವನು. ಅಲ್ಲಿಂದಲೇ ಕತ್ತು ಚಾಚಿ "ಏಯ್, ನಾಲ್ಕು ನಂಬರ್ ಸಾಫ್!" ಎಂದು ಕೂಗಿದರೆ ನಾಲ್ಕನೇ ಟೇಬಲು ಸಾಫಾಗುತ್ತಿತ್ತು. ಹಾಗಾಗಿ ಜಗತ್ತಿನ ಎಲ್ಲ ಕೊಳೆಯೂ ಗಂಟಲಿನಿಂದಲೇ ಹೋಗುತ್ತದೆ ಎಂದು ಅವನು ನಂಬಿಬಿಟ್ಟಿದ್ದ. ಆ ಇಪ್ಪತ್ತೇಳು ವರ್ಷವೂ ಪ್ರಫುಲ್ಲಾ ಇಲ್ಲಿ ಕಟ್ಟಿಗೆಯ ಹೊಗೆ ಕುಡಿದಿದ್ದಳು, ಮಕ್ಕಳನ್ನು ಓದಿಸಿದ್ದಳು, ಉಳಿದ ಹೊತ್ತಿನಲ್ಲಿ ಸೊಂಟ ಬಾಗಿಸಿ ಬೀಡಿ ಕಟ್ಟಿದ್ದಳು. ಫೋನು ಮಾಡಿದಾಗೆಲ್ಲ ಕಮಲಾಕ್ಷ ಹೇಳುತ್ತಿದ್ದದ್ದು ಒಂದೇ: "ನಿನಗೇನು, ಮನೆಯಲ್ಲಿ ಕೂತಿರ್ತಿ." ಈ ಗಾಜಿನ ಒಲೆ ಅವಳ ಬೀಡಿಯ ಬೋನಸಿನಿಂದ ಬಂದದ್ದು. ಎರಡು ವರ್ಷವಾದರೂ ನಿನ್ನೆ ಅಂಗಡಿಯಿಂದ ತಂದಂತಿತ್ತು.

"ಒಂದು ಗಾಜು ಒರೆಸಲಿಕ್ಕೆ ಇಷ್ಟು ಭಾಷಣವಾ ಮಾರಾಯ್ತಿ?" ಎಂದ ಕಮಲಾಕ್ಷ. "ಅಡುಗೆಮನೆಯ ಕೆಲಸ ಕೆಲಸವೇ ಅಲ್ಲ. ಸಂಜೆ ನೀನು ಬರುವಾಗ ಇದರ ಮೇಲೆ ಒಂದು ಕಲೆ ಕಂಡರೂ, ಭಾನುವಾರ ನಿಮ್ಮ ಸಂಘದ ಹೆಂಗಸರ ಎದುರು ಎದ್ದು ನಿಂತು 'ನನ್ನದು ತಪ್ಪಾಯಿತು' ಅಂತ ಹೇಳ್ತೇನೆ."

"ಹೇಳ್ತೀರಾ? ಖಂಡಿತ?"

"ಖಂಡಿತ."

ಬೇಲಿಯಾಚೆ ಮೊರ ಮಡಿಲಲ್ಲಿಟ್ಟು ಬೀಡಿ ಎಲೆ ಕತ್ತರಿಸುತ್ತಿದ್ದ ಬೀಬಿಯ ಕತ್ತರಿ ಒಂದು ಕ್ಷಣ ನಿಂತಿತು. "ನಾನು ಕೇಳಿದ್ದೇನೆ, ಪ್ರಫುಲ್ಲಕ್ಕ!" ಎಂದಳು ಅಲ್ಲಿಂದಲೇ.

ಪ್ರಫುಲ್ಲಾ ಬಸ್ಸು ಹತ್ತಿದಳು. ಕಮಲಾಕ್ಷ ಗಂಜಿ ಇಟ್ಟು ಎದೆ ಸೆಟೆಸಿ ಒಲೆಯ ಮುಂದೆ ನಿಂತ. ಹತ್ತು ನಿಮಿಷ ನಿಂತ. ಗಂಜಿ ಅಲುಗಲಿಲ್ಲ. ಅಷ್ಟರಲ್ಲಿ ಫೋನು ಬಂತು. ಹಳೆಯ ಹೋಟೆಲಿನ ಗೆಳೆಯ. ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ. ಜಗಲಿಗೆ ಹೋದ. ಮಾತು ಈರುಳ್ಳಿ ಬೋಂಡದಿಂದ ಶುರುವಾಗಿ, ಸತ್ತುಹೋದ ಮ್ಯಾನೇಜರನ ಗುಣಗಾನಕ್ಕೆ ತಿರುಗಿ, ಅವನ ಎರಡನೇ ಮದುವೆಯವರೆಗೆ ಬಂದಾಗ ಮೂಗಿಗೆ ವಾಸನೆ ಬಡಿಯಿತು.

ಓಡಿಬಂದು ನೋಡಿದರೆ ಗಂಜಿ ಮುಚ್ಚಳವನ್ನು ಎತ್ತಿ ಬಿಸಾಡಿ ನಾಲ್ಕೂ ದಿಕ್ಕಿಗೆ ಹರಿದಿತ್ತು. ಬರ್ನರಿನ ಸುತ್ತ ತೆಳಿ ಉರಿದು, ಕಂದಾಗಿ, ಕಪ್ಪಾಗಿ, ಗಾಜಿನ ಮೇಲೆ ಯಾವುದೋ ಹೊಸ ದೇಶದ ನಕಾಶೆಯಂತೆ ಮಲಗಿತ್ತು. ಅದಕ್ಕೆ ದ್ವೀಪಗಳೂ ಇದ್ದವು.

ಒಲೆ ಆರಿಸಿ, ಮೊದಲು ಗಂಟಲನ್ನೇ ಪ್ರಯೋಗಿಸಿದ. "ಅಯ್ಯಯ್ಯೋ!" ಕಲೆ ಹೋಗಲಿಲ್ಲ.

ಕೂಗು ಕೇಳಿ ಬಂದವನು ಮೂಸಬ್ಬ. ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಹೋಗುವ ಅವನಿಗೆ ಎಲ್ಲ ಮನೆಯ ಹಿಂಬಾಗಿಲೂ ಗೊತ್ತು. ಕಿಟಕಿಯಿಂದ ಇಣುಕಿ, "ಏನು ಕಮಲಾಕ್ಷಣ್ಣ, ಒಲೆಗೆ ಡಾಮರು ಹಾಕಿಸಿದ್ದಾ?" ಎಂದ.

"ತಮಾಷೆ ಮಾಡಬೇಡ ಮಾರಾಯ. ಇದು ಹೋಗುವುದು ಹೇಗೆ ಹೇಳು."

"ಇದಕ್ಕೆಲ್ಲ ಬೂದಿ. ಬೂದಿ, ತೆಂಗಿನ ನಾರು. ನಮ್ಮ ಉಮ್ಮ ಇಡೀ ಮದುವೆಯ ತಾಮ್ರದ ಚೆಂಬುಗಳನ್ನು ಅದರಲ್ಲೇ ತಿಕ್ಕುತ್ತಿದ್ದರು. ಮುಖ ಕಾಣ್ತಿತ್ತು!"

ಗಾಜಿಗೂ ಚೆಂಬಿಗೂ ವ್ಯತ್ಯಾಸ ಉಂಟು ಎಂದು ಇಬ್ಬರು ಗಂಡಸರಿಗೂ ಹೊಳೆಯಲಿಲ್ಲ. ಬಚ್ಚಲ ಒಲೆಯಿಂದ ಬೂದಿ ಬಂತು. ಕಮಲಾಕ್ಷ ಮುಷ್ಟಿಗಟ್ಟಲೆ ಸುರಿದ. ಅದೇ ಹೊತ್ತಿಗೆ ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದುದು ಅವನಿಗೆ ನೆನಪಿರಲಿಲ್ಲ. ಬೂದಿ ಎದ್ದು ಮಸಾಲೆ ಡಬ್ಬಿಗಳ ಮೇಲೆ, ಹಪ್ಪಳದ ಮೇಲೆ, ಮೂಸಬ್ಬನ ಗಡ್ಡದ ಮೇಲೆ ಸಮಾನವಾಗಿ ಕೂತಿತು. ಬರ್ನರಿನ ತೂತುಗಳೆಲ್ಲ ಕಟ್ಟಿಕೊಂಡವು. ನಕಾಶೆ ಮಾತ್ರ ಒಂದಿಂಚೂ ನೆಲ ಬಿಟ್ಟುಕೊಡಲಿಲ್ಲ. ಪುಣ್ಯಕ್ಕೆ ನಾರು ಸಿಗಲಿಲ್ಲ. ಸಿಕ್ಕಿದ್ದರೆ ಗಾಜೂ ಉಳಿಯುತ್ತಿರಲಿಲ್ಲ.

ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದ ತುಕ್ರಪ್ಪ ಏಣಿಯ ಮೇಲಿಂದಲೇ ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ. ಇಳಿದು ಬಂದು, ಕಲೆಯನ್ನು ಉಗುರಿನಿಂದ ಕೆರೆದು, ಡಾಕ್ಟರರ ಹಾಗೆ ಹೂಂಗುಟ್ಟಿದ.

"ಕಮಲಾಕ್ಷಣ್ಣ, ಇದು ಬೂದಿಗೆ ಹೋಗುವ ಕೇಸಲ್ಲ. ನನ್ನ ಹತ್ತಿರ ಸ್ಯಾಂಡ್ ಪೇಪರ್ ಉಂಟು. ಎರಡು ಸಲ ಎಳೆದರೆ ಸಾಕು. ತುಕ್ಕು ಹಿಡಿದ ಗೇಟೇ ಹೋಗ್ತದೆ, ಇದು ಹೋಗದಾ?"

"ಗೇಟು ಹೋಗ್ತದಾ, ತುಕ್ಕು ಹೋಗ್ತದಾ?"

"ಎಲ್ಲ ಹೋಗ್ತದೆ."

ಅವನು ಕಾಗದ ಹಿಡಿದು ಒಲೆಯ ಮೇಲೆ ಬಾಗಿ ಮೊಣಕೈ ಹಿಂದೆಳೆದ. ಅಷ್ಟರಲ್ಲಿ ಬಾಗಿಲಲ್ಲಿ ಸಿಡಿಲು ಬಡಿದಂತೆ ಬೀಬಿಯ ಸ್ವರ:

"ಕೈ ತೆಗಿ ತುಕ್ರಪ್ಪ! ಗಾಜಿಗೆ ಅದು ಮುಟ್ಟಿದರೆ ನಿನ್ನ ಏಣಿ ತೆಗೆದು ತೋಡಿಗೆ ಹಾಕ್ತೇನೆ!"

ತುಕ್ರಪ್ಪ ಕಾಗದವನ್ನು ಜೇಬಿಗೆ ಹಾಕಿಕೊಂಡ. ಬೀಬಿ ಒಳಗೆ ಬಂದು ಒಲೆ ನೋಡಿದಳು, ಹಪ್ಪಳ ನೋಡಿದಳು, ಮೂರು ಗಂಡಸರನ್ನು ನೋಡಿದಳು. ಯಾವುದು ಹೆಚ್ಚು ಕೊಳೆಯಾಗಿದೆ ಎಂದು ತೀರ್ಮಾನಿಸಲಾಗದೆ ನಿಟ್ಟುಸಿರು ಬಿಟ್ಟಳು.

"ಬೀಬೀ, ನೀನೇ ಕಾಪಾಡಬೇಕು" ಎಂದ ಕಮಲಾಕ್ಷ. "ಸ್ವಲ್ಪ ಒರೆಸಿ ಕೊಡ್ತೀಯಾ?"

"ನಾನು ಒರೆಸುವುದಾ? ನನ್ನ ಮೊರದಲ್ಲಿ ಅರ್ಧ ಬೀಡಿ ಬಾಕಿ ಉಂಟು. ಹೇಳಿ ಕೊಡ್ತೇನೆ, ಮಾಡುವುದು ನೀವು."

ಹಾಗೆ ಶುರುವಾಯಿತು ಕಮಲಾಕ್ಷನ ಶಿಕ್ಷಣ. ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಬಿ ಕೂತಳು. ಕೈ ಬೀಡಿ ಸುತ್ತುತ್ತಿತ್ತು, ಬಾಯಿ ಕಮಲಾಕ್ಷನನ್ನು ಸುತ್ತುತ್ತಿತ್ತು. ಮೊದಲು ಬೂದಿ ತೆಗೆಯಬೇಕು, ತಿಕ್ಕದೆ. ಬರ್ನರುಗಳನ್ನು ಕಳಚಿ ಬಿಸಿನೀರಿನಲ್ಲಿ ನೆನೆಹಾಕಬೇಕು. ಕಲೆಯ ಮೇಲೆ ಅಡುಗೆ ಸೋಡ ಉದುರಿಸಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಮುಚ್ಚಿ, ಇಪ್ಪತ್ತು ನಿಮಿಷ ಸುಮ್ಮನಿರಬೇಕು.

"ಸುಮ್ಮನೆ ಅಂದರೆ?"

"ಸುಮ್ಮನೆ ಅಂದರೆ ಸುಮ್ಮನೆ. ಎತ್ತಿ ನೋಡುವುದಲ್ಲ."

ಮೂರನೇ ನಿಮಿಷಕ್ಕೆ ಅವನು ಎತ್ತಿ ನೋಡಿದ. "ಮುಚ್ಚಿ!" ಎಂದಳು ಬೀಬಿ, ತಲೆ ಎತ್ತದೆಯೇ. ಏಳನೇ ನಿಮಿಷಕ್ಕೆ ಮತ್ತೆ. ಇಪ್ಪತ್ತು ನಿಮಿಷದಲ್ಲಿ ಅವನ ಸೊಂಟ ಹಿಡಿಯಿತು. ಹಿಡಿದ ಸೊಂಟವನ್ನು ನೋಡಿ ಬೀಬಿ ತನ್ನ ಬಾಗಿದ ಸೊಂಟವನ್ನು ಒಮ್ಮೆ ನೆಟ್ಟಗೆ ಮಾಡಿಕೊಂಡು ಮತ್ತೆ ಬೀಡಿ ಸುತ್ತಿದಳು. ಅದೇ ಹೆಚ್ಚು ಚುಚ್ಚಿತು. ಆಮೇಲೆ ಹೊಸ ಬ್ಲೇಡನ್ನು ಗಾಜಿಗೆ ಒರಗಿಸಿ ಮಲಗಿಸಿ, ಮಗುವಿಗೆ ಕ್ಷೌರ ಮಾಡಿದಷ್ಟು ಮೆಲ್ಲಗೆ ತಳ್ಳಬೇಕು. ನಕಾಶೆಯ ಒಂದು ಜಿಲ್ಲೆ ಎದ್ದು ಬಂತು. ಮತ್ತೆ ಸೋಡ, ಮತ್ತೆ ಬಟ್ಟೆ, ಮತ್ತೆ ಇಪ್ಪತ್ತು ನಿಮಿಷ. ಸೂಜಿಯಿಂದ ಬರ್ನರಿನ ಒಂದೊಂದೇ ತೂತು ಬಿಡಿಸುವಾಗ, ಇಷ್ಟು ತೂತುಗಳನ್ನು ಕೊರೆದವನ ಮನೆತನಕ್ಕೇ ಕಮಲಾಕ್ಷ ಮನಸ್ಸಿನಲ್ಲಿ ಬೈದ.

ಮಧ್ಯಾಹ್ನ ಹಸಿವೆಗೆ ಕಣ್ಣು ಕತ್ತಲೆ ಬಂತು. ಅರೆಬೆಂದ ಗಂಜಿಯನ್ನು ಮತ್ತೆ ಒಲೆಗೇರಿಸಲೇಬೇಕಾಯಿತು. ಈ ಸಲ ಅವನು ಬಲಗೈಯನ್ನು ನಾಬಿನ ಮೇಲಿಂದ ತೆಗೆಯಲಿಲ್ಲ. ನೊರೆ ಅಂಚಿಗೆ ಬಂದಾಗೆಲ್ಲ ಬೀಬಿ "ಹಾಂ!" ಎನ್ನುತ್ತಿದ್ದಳು, ಅವನು ಉರಿ ತಗ್ಗಿಸುತ್ತಿದ್ದ. ಐದನೇ ಸಲಕ್ಕೆ ಬೀಬಿ "ಹಾಂ" ಎನ್ನುವ ಅಗತ್ಯವೇ ಬೀಳಲಿಲ್ಲ. ಒಂದು ಹನಿ ಹೊರಗೆ ಬರಲಿಲ್ಲ.

ನಾಲ್ಕೂವರೆಗೆ ಒಲೆ ಹೊಳೆಯಿತು. ಗಾಜಿನಲ್ಲಿ ಮಾಡಿನ ಹೆಂಚು ಕಾಣುತ್ತಿತ್ತು. ಹೆಂಚಿನ ಕೆಳಗೆ, ಕಿವಿಯಲ್ಲಿ ಬೂದಿ ಇಟ್ಟುಕೊಂಡ ಒಬ್ಬ ಮುದುಕನೂ. ಅದು ತಾನೇ ಎಂದು ಗೊತ್ತಾದರೂ ಕಮಲಾಕ್ಷ ಬೇಸರಪಡಲಿಲ್ಲ. ಭಾನುವಾರದ ಅವಮಾನ ತಪ್ಪಿತಲ್ಲ!

ಈಗ ಉಳಿದದ್ದು ಸಾಕ್ಷಿಗಳು. ಮೂವರನ್ನೂ ಕರೆಸಿ ಜಗಲಿಯಲ್ಲಿ ಕೂರಿಸಿ ಕೈಮುಗಿದ.

"ನೋಡಿ, ಗಂಜಿ ಉಕ್ಕಲಿಲ್ಲ, ಕಲೆ ಆಗಲಿಲ್ಲ. ನೀವು ಯಾರೂ ಇಲ್ಲಿಗೆ ಬರಲಿಲ್ಲ. ಯಾರು ಕೇಳಿದರೂ ಅಷ್ಟೇ. ನಾನೇ ಕೇಳಿದರೂ ಅಷ್ಟೇ!"

"ನನ್ನ ಬಾಯಿ ಈ ಮೀನಿನ ಪೆಟ್ಟಿಗೆಯ ಹಾಗೆ. ಮುಚ್ಚಿದರೆ ಮುಚ್ಚಿತು" ಎಂದ ಮೂಸಬ್ಬ. ಆ ಪೆಟ್ಟಿಗೆಯ ವಾಸನೆ ಮೂರು ಮನೆ ಆಚೆಗೂ ಬರುವುದನ್ನು ನೆನೆದು ಕಮಲಾಕ್ಷನಿಗೆ ತುಸು ಅಳುಕಾಯಿತು. ತುಕ್ರಪ್ಪ ಎದೆಯ ಮೇಲೆ ಕೈಯಿಟ್ಟ. ಬೀಬಿ, "ಆಯ್ತು ಮಾರಾಯ್ರೆ, ನಾನು ಏನೂ ಕಾಣಲಿಲ್ಲ" ಎಂದು ಬೇಗನೆ ಒಪ್ಪಿಕೊಂಡಳು.

ಐದಕ್ಕೆ ಪ್ರಫುಲ್ಲಾ ಬಂದಳು. ಒಬ್ಬಳೇ ಅಲ್ಲ. ಜತೆಗೆ ಸಂಘದ ಅಧ್ಯಕ್ಷೆ ಸುಪ್ರೀತಾ, ಕೈಯಲ್ಲಿ ಒಂದು ದಪ್ಪ ಪುಸ್ತಕ. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಯಾರೂ ಜಗಲಿಯಲ್ಲಿ ಕೂರಲಿಲ್ಲ. ನೇರ ಅಡುಗೆಮನೆಗೆ ನಡೆದರು. ಪ್ರಫುಲ್ಲಾ ಗಾಜಿನ ಮೇಲೆ ಬೆರಳಾಡಿಸಿದಳು. ಬರ್ನರು ಎತ್ತಿ ಕೆಳಗೆ ಇಣುಕಿದಳು. ಬಗ್ಗಿ, ಬೆಳಕು ಬೀಳುವ ಕಡೆಯಿಂದ ಓರೆಯಾಗಿ ನೋಡಿದಳು. ಅವಳ ಮುಖದಲ್ಲಿ ಮೂಡಿದ್ದು ಕೋಪವಲ್ಲ, ದಿಗಿಲು.

"ಒಂದು ಗೆರೆಯೂ ಇಲ್ಲ" ಎಂದಳು.

"ನಾನು ಹೇಳಿದೆನಲ್ಲ!" ಕಮಲಾಕ್ಷ ಮೀಸೆ ತಿರುವಿದ. "ಇದೆಲ್ಲ ಒಂದು ಕೆಲಸವಾ? ಎಡಗೈಯಲ್ಲಿ ಮಾಡಿದ್ದು. ದಿನಾ ಮಾಡಲಿಕ್ಕೂ ನಾನು ತಯಾರು."

"ಕೇಳಿದಿರಾ ಪ್ರಫುಲ್ಲಕ್ಕ?" ಸುಪ್ರೀತಾ ಪುಸ್ತಕ ಬಿಡಿಸಿದಳು. "ಅಣ್ಣಾ, ಮೂರು ತಿಂಗಳಿಂದ ಇವರನ್ನು ಕೇಳ್ತಾ ಇದ್ದೇವೆ, ಸಂಘಕ್ಕೆ ಕಾರ್ಯದರ್ಶಿ ಆಗಿ ಅಂತ. ಕಂಪೆನಿಯವರ ಎದುರು ಕೂತು ಕೂಲಿಯ ಮಾತಾಡಲಿಕ್ಕೆ ಇವರಷ್ಟು ಗಟ್ಟಿ ಯಾರೂ ಇಲ್ಲ. ಆದರೆ ದಿನಾ ಬಿ.ಸಿ.ರೋಡಿನ ಆಫೀಸಿಗೆ ಹೋಗಬೇಕು, ಬೆಳಗ್ಗೆ ಹೋದರೆ ಸಂಜೆ. ಇವತ್ತು ಸಭೆಯಲ್ಲೂ ಆಗುವುದಿಲ್ಲ ಅಂದರು. 'ನಮ್ಮವರಿಗೆ ಒಂದು ಒಲೆ ನೋಡಿಕೊಳ್ಳಲಿಕ್ಕೆ ಬರುವುದಿಲ್ಲ, ಬೇಕಾದರೆ ಬಂದು ನೋಡಿ' ಅಂದರು. ಹಾಗೆ ನೋಡಲಿಕ್ಕೆ ಬಂದದ್ದು."

ಕಮಲಾಕ್ಷನ ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಅವನ ಕಣ್ಣೆದುರು ಸೋಮವಾರ, ಮಂಗಳವಾರ, ಬುಧವಾರ ಸಾಲಾಗಿ ಬಂದು ನಿಂತವು. ಒಂದೊಂದರ ತಲೆಯ ಮೇಲೂ ಒಂದೊಂದು ಪಾತ್ರೆ ಗಂಜಿ.

"ಇಲ್ಲ, ಇಲ್ಲ! ಕೇಳಿ. ನಿಜ ಹೇಳ್ತೇನೆ. ಗಂಜಿ ಉಕ್ಕಿತ್ತು. ಒಲೆ ಕರಟಿ ಹೋಗಿತ್ತು. ನನಗೆ ಏನೂ ಬರುವುದಿಲ್ಲ. ಭಾನುವಾರ ಯಾಕೆ, ಈಗಲೇ ಹೇಳ್ತೇನೆ, ನನ್ನದು ತಪ್ಪಾಯಿತು!"

"ಒಲೆ ಹೊಳೀತಾ ಉಂಟಲ್ಲ?" ಎಂದಳು ಪ್ರಫುಲ್ಲಾ.

"ಮೂಸಬ್ಬನನ್ನು ಕೇಳು! ಮೂಸಬ್ಬಾ, ಹೇಳು ಮಾರಾಯ, ಗಂಜಿ ಉಕ್ಕಿದ್ದನ್ನು ನೀನು ನೋಡಿದ್ದೀಯಲ್ಲ?"

ಫಲಿತಾಂಶ ನೋಡಲು ಉಳಿದಿಬ್ಬರ ಜತೆ ಜಗಲಿಯಲ್ಲೇ ಕಾದಿದ್ದ ಮೂಸಬ್ಬ ಒಂದು ಕಣ್ಣು ಮಿಟುಕಿಸಿದ. "ಯಾವ ಗಂಜಿ ಕಮಲಾಕ್ಷಣ್ಣ? ನಾನು ಈಗಷ್ಟೇ ಬಂದದ್ದು."

"ತುಕ್ರಪ್ಪಾ!"

"ನಾನು ಬೆಳಗ್ಗಿನಿಂದ ಏಣಿ ಇಳಿಯಲೇ ಇಲ್ಲ" ಎಂದ ತುಕ್ರಪ್ಪ, ಜೇಬಿನ ಕಾಗದವನ್ನು ಇನ್ನಷ್ಟು ಒಳಗೆ ತಳ್ಳುತ್ತ. ಹುಟ್ಟಿದಂದಿನಿಂದ ಒಂದು ಗುಟ್ಟನ್ನೂ ಇಟ್ಟುಕೊಳ್ಳದ ಇಬ್ಬರೂ ಅವತ್ತು ಬಂಡೆಯಂತೆ ನಿಂತರು.

"ಬೀಬೀ, ನೀನಾದರೂ..."

"ನಾನು ಏನೂ ಕಾಣಲಿಲ್ಲ" ಎಂದಳು ಬೀಬಿ. ಮತ್ತೆ ಸುಪ್ರೀತಾಳ ಕಡೆ ತಿರುಗಿ, "ನಿನ್ನೆಯೇ ಹೇಳಿದ್ದೆನಲ್ಲ, ಪ್ರಫುಲ್ಲಕ್ಕ ಒಪ್ಪುತ್ತಾರೆ ಅಂತ?" ಎಂದಳು.

ಕಮಲಾಕ್ಷನಿಗೆ ಉಳಿದದ್ದು ಒಂದೇ ದಾರಿ. "ಹಾಗಾದರೆ ನಿಮ್ಮ ಕಣ್ಣೆದುರೇ ತೋರಿಸ್ತೇನೆ. ಚಾ ಕುಡಿದು ಹೋಗಿ!" ಎಂದು ಹಾಲಿನ ಪಾತ್ರೆಯನ್ನು ಒಲೆಗಿಟ್ಟು ಉರಿ ಜೋರು ಮಾಡಿದ. ಉಕ್ಕಲಿ. ಗಾಜೆಲ್ಲ ಹರಿಯಲಿ, ಸುಟ್ಟು ನಾರಲಿ, ಅವರು ಪುಸ್ತಕ ಮುಚ್ಚಿ ಮನೆಗೆ ಹೋಗಲಿ. ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿ, ಮುಂಬೈಯ ಸೆಕೆಯ ಬಗ್ಗೆ ಮಾತು ತೆಗೆದ.

ಹಾಲು ಬೆಚ್ಚಗಾಯಿತು. ಅಂಚಿನಲ್ಲಿ ಗುಳ್ಳೆ ಎದ್ದಿತು. ಕೆನೆ ನಡುವಿನಿಂದ ಉಬ್ಬಿ, ಒಂದೇ ಉಸಿರಿಗೆ ಪಾತ್ರೆಯ ಬಾಯಿಗೆ ಬಂತು. ಹೆಂಗಸರೆಲ್ಲ ಉಸಿರು ಹಿಡಿದರು.

ಟಕ್.

ಮಾತು ನಿಂತಿರಲಿಲ್ಲ, ಮುಖ ತಿರುಗಿರಲಿಲ್ಲ. ಕಮಲಾಕ್ಷನ ಬಲಗೈ ತಾನಾಗಿ ಹೋಗಿ ನಾಬು ತಿರುಗಿಸಿತ್ತು. ಒಂದು ಹನಿಯೂ ಚೆಲ್ಲದೆ ಹಾಲು ವಿಧೇಯವಾಗಿ ಕೆಳಗಿಳಿಯಿತು.

ಸುಪ್ರೀತಾ ಚಪ್ಪಾಳೆ ತಟ್ಟಿದಳು. "ನೋಡದೆಯೇ ಆರಿಸಿದರು ಮಾರಾಯ್ರೆ! ನನಗೇ ಬರುವುದಿಲ್ಲ ಇದು."

ಪ್ರಫುಲ್ಲಾ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ, ದೊಡ್ಡದಾಗಿ, ನಿಧಾನವಾಗಿ ಬರೆದಳು. ಕಮಲಾಕ್ಷ ಅತ್ತ ನೋಡಲಿಲ್ಲ. ತನ್ನ ಬಲಗೈಯನ್ನು ಕಣ್ಣಿನ ಹತ್ತಿರ ಹಿಡಿದು, ಇದು ಯಾರದೆಂದು ಪರೀಕ್ಷಿಸುತ್ತಿದ್ದ.