ಕುಸುದಾ ಅವರ ಕಬ್ಬಿಣದ ತುಂಡು

ನಾಲ್ಕು ಮಾತಿನ ಆಸೆಗೆ ಯಾರಾದರೂ ಸೊಂಟ ಬೀಳುವಷ್ಟು ಕಬ್ಬಿಣ ಹೊತ್ತು ತರುತ್ತಾರೆಯೇ? ಕುಸುದಾ ತಂದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಜೊತೆ ಮಾತಾಡುತ್ತಿದ್ದದ್ದು ಕರೆಂಟಿನ ಕುಕ್ಕರೊಂದೇ. ಅದೂ "ಅನ್ನ ಆಯಿತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಒಸಾಕಾದ ಆ ಓಣಿಯ ತುಂಬ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. ಶಾಲೆಯ ಗುಮಾಸ್ತರಾಗಿದ್ದ ಕುಸುದಾ ಜೊತೆ ಅವರು ಮಳೆ ಬಿಸಿಲು ಬಿಟ್ಟು ಇನ್ನೇನು ಮಾತಾಡಿಯಾರು?

ಹಾಗಾಗಿ ಆ ಭಾನುವಾರ ಕುಸುದಾ ಹಳೇ ಸಾಮಾನಿನ ಅಂಗಡಿಗೆ ಹೋಗಿ, ಮಾರುವವನಿಗೂ ಹೆಸರು ಗೊತ್ತಿಲ್ಲದ ಯಂತ್ರದ ಭಾಗವೊಂದನ್ನು ಹುಡುಕಿ ತಂದು ಮನೆಮುಂದಿನ ಬೆಂಚಿನ ಮೇಲಿಟ್ಟರು. ದುಂಡನೆಯ ಮೈ, ಮೂರು ಕಾಲು, ನಡುವೆ ತೂತು.

ಎದುರುಮನೆಯ ಹಾಶಿಜುಮೆ ಸೈಕಲ್ ನಿಲ್ಲಿಸಿದರು.

"ಏನ್ರೀ ಇದು?"

"ನನಗೇನು ಗೊತ್ತು? ನೀವೇ ಹೇಳ್ಬೇಕು."

"ಇಷ್ಟೂ ಗೊತ್ತಾಗಲ್ವಾ? ನೂಡಲ್ಸ್ ಒತ್ತೋ ಯಂತ್ರದ್ದು."

"ನಿನ್ ತಲೆ! ದೋಣಿ ಎಂಜಿನ್‌ದು!" ಪಕ್ಕದ ಮನೆಯ ತಾಕೆನಾಕಾ ಚಪ್ಪಲಿ ಹಾಕಿಕೊಳ್ಳುತ್ತಲೇ ಓಡಿಬಂದರು.

ಮಧ್ಯಾಹ್ನದ ಹೊತ್ತಿಗೆ ಓಣಿಗೆ ಓಣಿಯೇ ನೆರೆದು ಕಚ್ಚಾಡುತ್ತಿತ್ತು. ಕುಸುದಾಗೆ ಹಬ್ಬವೋ ಹಬ್ಬ! ಚಹಾ ಕೊಟ್ಟರು. ಸಾಲದೆಂದು ಹೂರಣದ ಸಿಹಿ ತಂದರು. ಹೆಂಡತಿ ಜೋಪಾನವಾಗಿಟ್ಟಿದ್ದ ಬಟ್ಟಲುಗಳು ಹೊರಬಂದವು.

"ಇಷ್ಟೆಲ್ಲ ತೊಂದ್ರೆ ತಗೋಬೇಡಿ," ಎಂದರು ತಾಕೆನಾಕಾ.

"ಅಯ್ಯೋ, ತೊಂದ್ರೆ ಏನ್ ಬಂತು!" ಎಂದು ಕುಸುದಾ ಹೋಟೆಲಿನಿಂದ ಎಲ್ಲರಿಗೂ ದುಬಾರಿಯ ಹಾವುಮೀನಿನ ಊಟ ತರಿಸಿದರು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಸುದಾಗೆ ಅದು ಕಾಣಿಸಲಿಲ್ಲ.

ಅಷ್ಟರಲ್ಲಿ ಅದೇ ಓಣಿಯ ಕಿನುಯೆ ಅಜ್ಜಿ ಬಂದರು. "ಛತ್ರಿ ಕಡ್ಡಿ ಬಗ್ಗಿಸೋ ಯಂತ್ರದ ಪಾದ ಕಣ್ರೋ. ನನ್ನ ಪ್ರಾಯವೆಲ್ಲ ಇದರ ಮುಂದೇನೇ ಹೋಯ್ತು."

"ಓಹೋ," ಎಂದರು ಎಲ್ಲರೂ. ಜಗಳ ಮುಗಿಯಿತು. ಒಬ್ಬೊಬ್ಬರಾಗಿ ಹೊರಡಲು ಎದ್ದರು.

"ಹೋಗ್ಲಿ, ಈಗ ಇದನ್ನ ಯಾವುದಕ್ಕೆ ಉಪಯೋಗಿಸ್ಲಿ?" ಎಂದು ಕುಸುದಾ ಅಡ್ಡ ನಿಂತರು.

"ಉಪ್ಪಿನಕಾಯಿ ಮೇಲೆ ಭಾರಕ್ಕಿಡಿ."

"ಹೂಕುಂಡಕ್ಕೆ ಕಾಲು ಮಾಡಿ."

ಹಾಶಿಜುಮೆ ಅಜ್ಜಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಕಬ್ಬಿಣ ಎತ್ತಿಕೊಂಡರು. "ಸಂಜೆಗೆ ತರ್ತೀವಿ. ನೀವು ಆರಾಮಾಗಿ ಕೂತಿರಿ."

ಹಿಂದೆಯೇ ಎಲ್ಲರೂ ಹೊರಟರು. ಎದುರುಮನೆಯಿಂದ ಉಜ್ಜುವ ಸದ್ದು, ನಗು, ಬೈದಾಟ ಕೇಳುತ್ತಿತ್ತು. ತಾನೂ ಹೋಗಬೇಕೆನಿಸಿತು. ಕರೆಯದೆ ಹೋಗುವುದು ಹೇಗೆ? ಕುಸುದಾ ಬಟ್ಟಲು ತೊಳೆದು, ಮತ್ತೆ ನೀರು ಕಾಯಿಸಿ, ಬಾಗಿಲು ನೋಡುತ್ತ ಕೂತರು.

ಸಂಜೆ ಎಲ್ಲರೂ ಬಂದು ಸಾಲಾಗಿ ನಿಂತು ಬಗ್ಗಿ ನಮಸ್ಕರಿಸಿದರು.

"ಇವತ್ತು ನಿಮಗೆ ಕೊಡಬಾರದ ತೊಂದ್ರೆ ಕೊಟ್ವಿ," ಎಂದರು ಹಾಶಿಜುಮೆ. "ಹಾವುಮೀನು ತರಿಸೋವಷ್ಟು! ನಮಗೇ ನಾಚಿಕೆಯಾಯ್ತು. ಇನ್ಮೇಲೆ ಹಾಗಾಗಲ್ಲ."

ಕಬ್ಬಿಣ ಫಳಫಳ ಹೊಳೆಯುತ್ತ ಬಾಗಿಲ ಮುಂದೆ ಕೂತಿತು. ತೂತಿನಲ್ಲಿ ಒಂದು ಬಿದಿರಿನ ಗಳ, ಅದರ ಮೇಲೆ ಹಲಗೆ. ಹಲಗೆಯ ಮೇಲೆ ಅಜ್ಜಿಯ ಕುಂಚದ ಮುದ್ದಾದ ಅಕ್ಷರ: 'ಮನೆಯವರು ವಿಶ್ರಾಂತಿಯಲ್ಲಿದ್ದಾರೆ. ದಯವಿಟ್ಟು ತೊಂದರೆ ಕೊಡಬೇಡಿ.'

"ಎಂಥಾ ಬಿರುಗಾಳಿಗೂ ಬೀಳಲ್ಲ!" ಎಂದರು ತಾಕೆನಾಕಾ.

ಅವರೆಲ್ಲರಿಗಿಂತಲೂ ಕೆಳಕ್ಕೆ ಬಗ್ಗಿದರು ಕುಸುದಾ. "ಬಹಳ ಉಪಕಾರವಾಯ್ತು. ಒಳಗೆ ಬನ್ನಿ, ಒಂದು ಬಟ್ಟಲು ಚಹಾ…"

ಹಾಶಿಜುಮೆ ತುಟಿಗೆ ಬೆರಳಿಟ್ಟು ಹಲಗೆ ತೋರಿಸಿದರು. ಇಡೀ ಓಣಿ ತುದಿಗಾಲಲ್ಲಿ, ಸದ್ದಿಲ್ಲದೆ ತಂತಮ್ಮ ಮನೆ ಸೇರಿತು.