ಭಂಡಾರಿಗೆ ಇನ್ನೂ ಎರಡು ಹಲ್ಲಾಗಿಲ್ಲ

ಬ್ಯಾಡಗಿಯ ಪೇಟೆಯಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮೆಣಸಿನಕಾಯಿ ಘಾಟಿಗೆ ಸೀನುತ್ತ, ಊರಿನ ಹೊತ್ತನ್ನು ಸರಿಪಡಿಸುವ ಹೊಣೆ ಹೊತ್ತವನು ನಾನು. ಯಾವ ಕೆಲಸಕ್ಕೆ ಯಾವುದು ಸರಿಯಾದ ಸಮಯ ಎಂಬ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಭಂಡಾರಿ ಬಂದು ಆ ನಂಬಿಕೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೋದ.

ಭಂಡಾರಿ ನಮ್ಮ ನಾಯಿ. ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಶಿವರಾತ್ರಿಯ ಆಸುಪಾಸು, ಕಾಗಿನೆಲೆಯ ಗಿರಾಕಿಯೊಬ್ಬರು ಕೈಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟ ಮರಿ. ಮೈಯೆಲ್ಲ ಅರಿಷಿಣದ ಬಣ್ಣ. ನಮ್ಮವ್ವ ದೇವರಗುಡ್ಡದ ಮೈಲಾರಲಿಂಗನ ಒಕ್ಕಲು. "ಭಂಡಾರ ಬಳಕೊಂಡ ಬಂದೈತಿ ನೋಡು!" ಎಂದು ಹಣೆಗೆ ಹಚ್ಚುವ ಆ ದೇವರ ಅರಿಷಿಣದ ಹೆಸರನ್ನೇ ಮರಿಗೆ ಇಟ್ಟುಬಿಟ್ಟಳು.

ನನ್ನ ಹೆಂಡತಿ ಸರೋಜಾ ಮಾತ್ರ ಮರಿಯನ್ನು ಎತ್ತಿ ಗಂಡೋ ಹೆಣ್ಣೋ ಎಂದು ನೋಡಿದಳು. ಗಂಡು. ಅವಳು ಮೊದಲು ಮೋತಿ ಎಂಬ ನಾಯಿಯನ್ನು ಸಾಕಿದ್ದಳು. ಕಾರ್ತಿಕ ಬಂತೆಂದರೆ ಗಂಡುನಾಯಿಗಳಿಗೆ ಮನೆ ಮರೆತುಹೋಗುತ್ತದಲ್ಲ, ಹಾಗೆ ಒಂದು ಹೆಣ್ಣುನಾಯಿಯ ಬೆನ್ನು ಹತ್ತಿ ಹೋದ ಮೋತಿ ಹೈವೇ ಮೇಲೆ ಲಾರಿಗೆ ಸಿಕ್ಕು ಸತ್ತಿತ್ತು.

"ಇದಕ್ಕ ಕಾರ್ತಿಕ ಬರೂದ್ರಾಗ ಆಪರೇಶನ್ ಮಾಡಿಸಿಬಿಡ್ರಿ. ಇನ್ನೊಂದು ಮೋತಿ ನನ್ನ ಕೈಲೆ ಆಗೂದಿಲ್ಲ."

"ಕಾರ್ತಿಕಕ್ಕ ಇನ್ನೂ ಭಾಳ ಟೈಮ್ ಐತಿ. ಆ ಚಿಂತಿ ನನಗ ಬಿಡು" ಎಂದೆ.

ಬಿಟ್ಟಳು. ಅಲ್ಲಿಗೇ ಕೆಟ್ಟಿತು!

ದನದ ದವಾಖಾನೆಗೆ ಹೋದೆ. ಡಾಕ್ಟರು ಒಂದು ಎಮ್ಮೆಯ ಹಿಂದೆ, ಭುಜದವರೆಗೆ ಕೈ ಒಳಗೆ ಹಾಕಿ ನಿಂತಿದ್ದರು. ಅದೇ ಭಂಗಿಯಲ್ಲಿ, "ಏಳೆಂಟು ತಿಂಗಳ ಆದಮ್ಯಾಲೆ ಕರಕೊಂಡ ಬರ್ರಿ. ಹುಟ್ಟಿದ್ದು ಯಾವಾಗ?" ಎಂದರು.

ಹುಟ್ಟಿದ್ದು ಯಾವಾಗ! ಕೈಚೀಲದಲ್ಲಿ ಬಂದ ನಾಯಿಯ ಜಾತಕ ಯಾರ ಹತ್ತಿರ ಇರುತ್ತದೆ? "ಅಂದಾಜು ಹೇಳ್ರಿ, ಸಾಕು" ಎಂದರು. ಗಡಿಯಾರದವನಿಗೆ ಅಂದಾಜು ಎಂಬುದು ಬೈಗುಳ. ನಿಖರವಾಗಿ ತಿಳಿದುಕೊಂಡೇ ಬರುತ್ತೇನೆಂದು ಹೊರಟುಬಂದೆ.

ನಿಖರ ಜ್ಞಾನಕ್ಕಾಗಿ ಮೋಟೆಬೆನ್ನೂರಿನ ನನ್ನ ಮಾವನವರನ್ನು ಸಂಪರ್ಕಿಸಲಾಯಿತು. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳುವುದರಲ್ಲಿ ಅವರದು ದೊಡ್ಡ ಹೆಸರು. ಭಂಡಾರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ತುಟಿ ಎತ್ತಿ, ಹೆಬ್ಬೆರಳಿನಿಂದ ಹಲ್ಲು ಸವರಿದರು.

"ಎಲ್ಲಾ ಹಾಲಹಲ್ಲು. ಹಸಗೂಸು! ಹೋರಿಗೆ ಎರಡ ಹಲ್ಲ ಆಗೂಮಟಾ ಬೀಜಾ ಒಡಸಬಾರದ್ರಿ ಅಳಿಯಂದ್ರ. ಮೈ ಕಟ್ಟೂದಿಲ್ಲ."

"ಮಾವಾರ, ಇದೇನ ಹೊಲದಾಗ ಗಳೆ ಹೊಡಿಯೂದಿಲ್ಲಲ್ರಿ?"

"ಹೊಡೀಲಿ, ಬಿಡ್ಲಿ. ಗಂಡ ಅಂದ್ರ ಗಂಡ. ಎರಡ ಹಲ್ಲ ಆಗ್ಲಿ."

ಎತ್ತಿನ ಲೆಕ್ಕ ಹೀಗಿದೆ: ಹಾಲುಹಲ್ಲು ಬಿದ್ದು ಮುಂದೆ ಎರಡು ದೊಡ್ಡ ಹಲ್ಲು ಬಂದರೆ ಎರಡು ಹಲ್ಲಿನದು, ಆಮೇಲೆ ನಾಲ್ಕು, ಆಮೇಲೆ ಆರು. ಎಲ್ಲ ಬಂದುಬಿಟ್ಟರೆ ಬಾಯಿಗೂಡಿತು ಎನ್ನುತ್ತಾರೆ. ಎತ್ತಿಗೆ ಇದಕ್ಕೆಲ್ಲ ವರ್ಷಗಟ್ಟಲೆ ಹಿಡಿಯುತ್ತದೆ. ನಾಯಿಗೆ ಎಷ್ಟು ಹಿಡಿಯುತ್ತದೆಂದು ಮಾವನವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಕ್ಕಲುತನದ ಮನೆಯ ಅಳಿಯ ಅಂಥ ಪ್ರಶ್ನೆ ಕೇಳುವುದುಂಟೆ?

ಅಂದಿನಿಂದ ದಿನಾ ಬೆಳಿಗ್ಗೆ, ಚಹಾಕ್ಕೂ ಮುಂಚೆ, ಭಂಡಾರಿಯ ದಂತಪರೀಕ್ಷೆ. ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಾಕು, ಅವನು ಎದುರಿಗೆ ಬಂದು ಕೂತು ತಾನಾಗಿಯೇ ಬಾಯಿ ತೆರೆಯುತ್ತಿದ್ದ. "ಡಾಕ್ಟರ ಕಡೆ ಹೋದ್ರ್ಯಾ?" ಎಂದು ಸರೋಜಾ ಕೇಳಿದರೆ, "ಇನ್ನೂ ಎರಡು ಹಲ್ಲಾಗಿಲ್ಲ" ಎಂದು ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದೆ. ಪಕ್ಕದ ಸೈಕಲ್ ಅಂಗಡಿಯ ಖಾದರಸಾಬ, "ಗದಿಗೆಪ್ಪಣ್ಣಾ, ಆಪರೇಶನ್ ಯಾವಾಗೋ?" ಎಂದು ಪೇಟೆಗೆಲ್ಲ ಕೇಳುವಂತೆ ಕೂಗುತ್ತಿದ್ದ. ಗಿರಾಕಿಗಳು ನನ್ನನ್ನು ಕನಿಕರದಿಂದ ನೋಡಿ, "ಚಲೋ ವಿಚಾರ ಮಾಡೀರಿ, ಎರಡ ಮಕ್ಕಳ ಸಾಕ್ರಿ" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು!

ಕಾರಹುಣ್ಣಿಮೆಯ ದಿನ, ಊರ ಎತ್ತುಗಳೆಲ್ಲ ಕೋಡಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾಗ, ಭಂಡಾರಿಯ ಬಾಯಲ್ಲಿ ಎರಡು ಹೊಸ ಹಲ್ಲು ಕಂಡವು. ಮನೆಯವರೆಲ್ಲರ ಮುಂದೆ ಘೋಷಿಸಿದೆ. ಆದರೆ ಮರುದಿನ ರಾಣೆಬೆನ್ನೂರಿನಲ್ಲಿ ಸೋದರಮಾವನ ಮಗನ ಮದುವೆ. ಮದುವೆ ಉಂಡು, ಬೀಗರೂಟ ಉಂಡು ವಾರದ ಮೇಲೆ ಬಂದು ನೋಡಿದರೆ ನಾಲ್ಕಾಗಿದ್ದವು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆರು. ನಾಗರಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಬಾಯಿ ತುಂಬ ಹಲ್ಲು! ನಮ್ಮ ಭಂಡಾರಿ ಕರುವಿನಿಂದ ನೇರವಾಗಿ ಮುದಿ ಎತ್ತಾಗಿದ್ದ.

ಮಾವನವರು ಇನ್ನೊಮ್ಮೆ ತುಟಿ ಎತ್ತಿ ನೋಡಿ ಹೌಹಾರಿದರು. "ಬಾಯಿಗೂಡೇತ್ರಿ! ಇನ್ನ ಬೀಜಾ ಒಡಸಿದ್ರ ಜೀವಾನ ಹೋಗತೈತಿ. ಹೊತ್ತ ಮೀರಿತು."

ಅಂದರೆ ಆ ಸರಿಯಾದ ವಯಸ್ಸು ಬಂದದ್ದೂ ಹೋದದ್ದೂ ನಾನು ರಾಣೆಬೆನ್ನೂರಿನಲ್ಲಿ ಹೋಳಿಗೆ ತಿನ್ನುತ್ತಿದ್ದಾಗ.

"ನಮ್ಮಪ್ಪಗ ಎತ್ತ ಗೊತ್ತು, ನಾಯಿ ಏನ ಗೊತ್ತರಿ? ಡಾಕ್ಟರ್ನ ಕೇಳ್ರಿ" ಎಂದು ಸರೋಜಾ ಅಟ್ಟಿದಳು. ಡಾಕ್ಟರು ಕಥೆ ಕೇಳಿ ಮನಸಾರೆ ನಕ್ಕರು. "ಈಗ ವಯಸ್ಸು ಬರೋಬ್ಬರಿ ಐತ್ರಿ. ನಾಳೆ ಕರಕೊಂಡ ಬರ್ರಿ."

ನಾಳೆ ಎಂದರೆ ಶ್ರಾವಣ ಸೋಮವಾರ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಮೈಲಾರಲಿಂಗನ ಬೆನ್ನಿಗೆ ನಾಯಿ ಇರ್ತಾವು. ಶ್ರಾವಣದಾಗ ಅವನ ನಾಯಿಗೆ ಕತ್ತಿ ಹಚ್ಚತೀಯೇನಲೇ?"

ಖರೇ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ದಿನಾ ಬೆಳಿಗ್ಗೆ ನನ್ನನ್ನು ನಂಬಿ ಬಾಯಿ ತೆರೆಯುವ ಪ್ರಾಣಿ. ಅದನ್ನು ಮೇಜಿನ ಮೇಲೆ ಮಲಗಿಸಿ ಕಾಲು ಹಿಡಿದುಕೊಳ್ಳುವ ಧೈರ್ಯ ನನಗಿರಲಿಲ್ಲ. ಶ್ರಾವಣ ಹೋಯಿತು, ಗಣಪತಿ ಬಂದು ಹೋದ, ಪಿತೃಪಕ್ಷ ಹೋಯಿತು, ದಸರೆಯೂ ಆಯಿತು. "ಅವ್ವ ಒಪ್ಪಂಗಿಲ್ಲ" ಎಂಬ ಮಾತು ನನಗೆ ಬಹಳ ಅನುಕೂಲವಾಗಿತ್ತು.

ಕೊನೆಗೆ ಸರೋಜಾಳೇ ಡಾಕ್ಟರ ಹತ್ತಿರ ಹೋಗಿ ಶೀಗಿಹುಣ್ಣಿಮೆಯ ಮರುದಿನ ಗೊತ್ತುಮಾಡಿ ಬಂದಳು. ನನಗೆ ವಹಿಸಿದ್ದು ಒಂದೇ ಕೆಲಸ: ನಾಯಿಗೆ ಏನೂ ತಿನ್ನಿಸದೆ ಕರೆದೊಯ್ಯುವುದು. ಮನೆಯಲ್ಲಿ ಹಬ್ಬದ ಕಡುಬು ಮಿಕ್ಕಿತ್ತು. ಹಸಿದ ಭಂಡಾರಿ ನನ್ನೆದುರು ಬಂದು ಕೂತು, ರೂಢಿಯಂತೆ ಬಾಯಿ ತೆರೆದ. ಒಂದು ಕಡುಬು ಹಾಕಿದೆ. ಒಂದೇ ಒಂದು! ಆಮೇಲೆ ಇನ್ನೊಂದು.

"ಹೊಟ್ಟಿ ತುಂಬಿದ್ರ ಮಂಪರದ ಸೂಜಿ ಕೊಡಾಕ ಬರೂದಿಲ್ರಿ. ಮುಂದಿನ ವಾರ ನೋಡೂಣು" ಎಂದರು ಡಾಕ್ಟರು. ಮುಂದಿನ ವಾರ ಅವರು ದನಗಳಿಗೆ ಕಾಲುಬಾಯಿ ಬೇನೆಯ ಸೂಜಿ ಹಾಕುತ್ತ ಹಳ್ಳಿ ಹಳ್ಳಿ ತಿರುಗಲು ಹೋದರು. ಅಷ್ಟರಲ್ಲಿ ದೀಪಾವಳಿ ಕಳೆದು ಕಾರ್ತಿಕ ಬಂತು. ಭಂಡಾರಿ ಹಗ್ಗ ಹರಿದುಕೊಂಡು ಹೋದ.

ಖಾದರಸಾಬ ಅಂಗಡಿ ಮುಚ್ಚಿ ನನಗೊಂದು ಸೈಕಲ್ ಕೊಟ್ಟು ತಾನೂ ಬಂದ. ಕಾಗಿನೆಲೆಯ ದಾರಿ ನೋಡಿದೆವು, ಹಾವೇರಿಯ ದಾರಿ ನೋಡಿದೆವು. ಹೈವೇ ಅಂಚಿಗೆ ಬಿದ್ದ ಗೋಣಿಚೀಲ ಕಂಡರೂ ನಾನು ಸೈಕಲ್ ಇಳಿದು ಹೋಗಿ ನೋಡುತ್ತಿದ್ದೆ. ಸರೋಜಾ ದಿನಾ ಹೊಸ್ತಿಲ ಹೊರಗೆ ಅವನ ತಾಟಿನಲ್ಲಿ ರೊಟ್ಟಿ ಮುರಿದು ಇಡುತ್ತಿದ್ದಳು, ಕಾಗೆಗಳು ತಿಂದು ಹೋಗುತ್ತಿದ್ದವು.

"ಆಪರೇಶನ್ ಮಾಡಿಸಿಬಿಡಬೇಕಾಗಿತ್ತಪಾ" ಎಂದಳು ಅವ್ವ.

"ನೀನ ಬ್ಯಾಡ ಅಂದಿದ್ದೆಲ್ಲಬೇ!"

"ನಾ ಬ್ಯಾಡ ಅಂದದ್ದು ಶ್ರಾವಣಕ್ಕ. ಆಮ್ಯಾಲೆ ನೀ ನನ್ನ ಕೇಳೇ ಇಲ್ಲ."

ಹೌದು, ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂದು ಹೆದರಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಖಾದರಸಾಬ ಓಡಿ ಬಂದ. "ಮೋಟೆಬೆನ್ನೂರ ಹತ್ರ, ಹೈವೇ ಮ್ಯಾಲಿನ ಚಾದಂಗಡ್ಯಾಗ ಒಂದು ಹಳದಿ ನಾಯಿ ಐತಂತ. ಲಾರಿ ಡ್ರೈವರ್ ಹೇಳಿದ. ಯಾರರ ಮುಂದ ಕುಂತ್ರ ಸಾಕು, ಅದು ಬಂದು ಬಾಯಿ ತಗದು ತೋರಸ್ತೈತಂತ!"

ಎದ್ದುಬಿದ್ದು ಹೋದೆ. ಅವನೇ! ಒಂದು ಕಿವಿ ಹರಿದಿತ್ತು. ಓಡಿಬಂದು ಮೈಮೇಲೆ ಬಿದ್ದ, ಮುಖವೆಲ್ಲ ನೆಕ್ಕಿದ, ಎದುರಿಗೆ ಕೂತು ಬಾಯಿ ತೆರೆದ. ನನಗೆ ಅಳುವೇ ಬಂತು. ಅಷ್ಟಾದ ಮೇಲೆ ತಿರುಗಿ ಹೋಗಿ, ಬೆಂಚಿನ ಕೆಳಗೆ ಮಲಗಿದ್ದ ಒಂದು ಹೆಣ್ಣುನಾಯಿಯ ಪಕ್ಕದಲ್ಲಿ ಮೈಚಾಚಿದ. ಅದರ ಹೊಟ್ಟೆಯ ಬಳಿ ಅರಿಷಿಣ ಬಣ್ಣದ ಮರಿಗಳು.

"ನಿಮ್ಮದೇನ್ರಿ ಯಣ್ಣಾ? ಒಯ್ಯತಿದ್ರ ಒಯ್ರಿ" ಎಂದಳು ಅಂಗಡಿಯ ಗಂಗವ್ವ. ಹಗ್ಗ ಹಾಕಿ ಕರೆದೆ. ರಸ್ತೆಯವರೆಗೆ ಬಂದ, ಅಲ್ಲಿ ಕೂತುಬಿಟ್ಟ, ಮರಿಗಳ ಕಡೆ ನೋಡಿದ.

"ಇಲ್ಲೇ ಬಿಟ್ರ ಮುಂದಿನ ಕಾರ್ತಿಕಕ್ಕ ಮತ್ತ ಓಡತಾನವ್ವಾ. ಲಾರಿಗೆ ಸಿಗತಾನ" ಎಂದೆ.

"ಆ ಭಯಾ ಇಲ್ರಿ. ಮೊನ್ನಿ ರಾಣೆಬೆನ್ನೂರಿಗೆ ಹೊಂಟ ಟೆಂಪೋದಾಗ ಒಯ್ದು ಆಪರೇಶನ್ ಮಾಡಿಸೇನಿ."

"ವಯಸ್ಸು ಸರಿ ಐತೋ ಇಲ್ಲೋ, ನಿಮಗ ಹೆಂಗ ಗೊತ್ತಾತು?"

ಗಂಗವ್ವ ಚಹಾ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ವಯಸ್ಸ ಕಟಗೊಂಡ ಏನ ಮಾಡೂದ್ರಿ? ಇಲ್ಲಿಂದ ಎಲ್ಲೂ ಓಡಿ ಹೋಗಬಾರದು ಅಂತ ಮಾಡಿಸಿದೆ."

ಇಲ್ಲಿಂದ ಓಡಿ ಹೋಗಬಾರದು! ನಾನು ಹಗ್ಗ ಬಿಚ್ಚಿದೆ.

ಮನೆಗೆ ಬಂದಾಗ ಸರೋಜಾ ಬಾಗಿಲಲ್ಲೇ ನಿಂತಿದ್ದಳು.

"ಬದುಕ್ಯಾನೇನ್ರಿ?"

"ಬದುಕ್ಯಾನ. ಆರಾಮ ಅದಾನ. ಆಪರೇಶನ್ನೂ ಆಗೈತಿ."

ನಡೆದದ್ದನ್ನೆಲ್ಲ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಸ್ತಿಲ ಹೊರಗಿನ ತಾಟನ್ನು ಎತ್ತಿ, ತೊಳೆದು, ಒಳಗೆ ಬೋರಲು ಹಾಕಿ ಬಂದಳು.

"ಆಕಿ ಅಂಗಡ್ಯಾಗ ಗಡಿಯಾರ ಐತೇನ್ರಿ?"

"ಐತಿ. ಯಾವ ಕಾಲಕ್ಕೋ ನಿಂತೈತಿ."

"ಅದನ್ನ ರಿಪೇರಿ ಮಾಡಾಕ ಮಾತ್ರ ಹೋಗಬ್ಯಾಡ್ರಿ. ಅಲ್ಲೆರ ಎಲ್ಲಾ ಹೊತ್ತಿಗೆ ಸರಿಯಾಗಿ ನಡೀಲಿ."

ಹೂಂ ಎಂದೆ. ಗಂಗವ್ವನ ಗಡಿಯಾರ ಆಗಲೇ ನನ್ನ ಕೈಚೀಲದಲ್ಲಿತ್ತು!